ಸಾಕವ್ವನ ಹುಂಜ ಮತ್ತು ಹಿತ್ತಲ ಹಿಂಡಿನ ಲೆಕ್ಕ

ದೇವನೂರ ಮಹಾದೇವ ಅವರ 'ಒಡಲಾಳ'ದಲ್ಲಿ ಸಾಕವ್ವ ಕಾಣೆಯಾದ ತನ್ನ ಹುಂಜವನ್ನು ಹುಡುಕಿಕೊಂಡು ಅಲೆಯುತ್ತಾಳೆ. ಇದನ್ನು ಪದವಿ ತರಗತಿಗೆ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, 'ಸಾರ್, ಒಂದು ಕೋಳಿಗೆ ಇಷ್ಟೊಂದಾ? ಇನ್ನೊಂದು ತಗೊಂಡ್ರಾಯ್ತಲ್ವಾ?' ಅಂದ. ಕ್ಲಾಸು ನಕ್ಕಿತು. ಆದರೆ ಅದು ಉಡಾಫೆಯ ಪ್ರಶ್ನೆಯಾಗಿರಲಿಲ್ಲ. ಅವನು ಹುಟ್ಟಿ ಬೆಳೆದದ್ದು ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ತೂಗಿ ಕೊಡುವ ಬ್ರಾಯ್ಲರ್ ಕಾಲದಲ್ಲಿ. ಕಿಲೋ ಲೆಕ್ಕದ ಕೋಳಿಗೆ ಬದಲಿಯಾಗಿ ಇನ್ನೊಂದು ಕಿಲೋ ಯಾವಾಗಲೂ ಸಿಗುತ್ತದೆ. ಇನ್ನು ಸಾಹಿತ್ಯ ಓದುವ ನಾವಾದರೂ ಮಾಡುವುದೇನು? ಹುಂಜ ಅಂದ ಕೂಡಲೆ 'ಪ್ರತಿಮೆ' ಅನ್ನುತ್ತೇವೆ, 'ಅಸ್ಮಿತೆಯ ಸಂಕೇತ' ಅನ್ನುತ್ತೇವೆ, ಮುಂದಿನ ಪುಟಕ್ಕೆ ಹೋಗುತ್ತೇವೆ. ಆ ಹುಡುಗನ ಸಾದಾ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗುವುದಿಲ್ಲ. ಒಂದು ಬಡ ಮನೆಯ ಹಿತ್ತಲಲ್ಲಿ ಎಷ್ಟು ಕೋಳಿ ಇರುತ್ತವೆ, ಅದರಲ್ಲಿ ಹೇಂಟೆ ಎಷ್ಟು, ಹುಂಜ ಎಷ್ಟು, ಮರಿ ಎಷ್ಟು, ಅಷ್ಟೇ ಯಾಕೆ ಇರುತ್ತವೆ ಎಂಬುದನ್ನು ತಿಳಿಯದೆ ಒಂದು ಹುಂಜ ಹೋದರೆ ಏನು ಹೋಯಿತು ಅಂತ ಹೇಳುವುದು ಕಷ್ಟ. ಈ ಬರಹ ಆ ಲೆಕ್ಕದ ಬಗ್ಗೆ.

ನಾನಿರುವುದು ಬೆಂಗಳೂರಿನ ಮೂಡಲಪಾಳ್ಯದಲ್ಲಿ. ಹೆಸರಿನಲ್ಲಿ ಮೂಡಲು, ನಗರದ ನಕ್ಷೆಯಲ್ಲಿ ಪಡುವಲು. ನಾಗರಭಾವಿ, ಚಂದ್ರಾ ಲೇಔಟ್, ವಿಜಯನಗರಗಳ ಆಸುಪಾಸು. ಇದು ಹಳ್ಳಿಯಾಗಿತ್ತು ಎಂಬುದಕ್ಕೆ 'ಪಾಳ್ಯ' ಎಂಬ ಬಾಲ ಒಂದು ಗುರುತು. ಇನ್ನೊಂದು ಗುರುತು ಕೋಳಿ. ಮೂರಂತಸ್ತು, ನಾಲ್ಕಂತಸ್ತು ಎದ್ದ ಬೀದಿಗಳ ನಡುವೆ ಹಳೇ ಊರಿನ ತುಣುಕುಗಳು ಸಿಕ್ಕಿಕೊಂಡಿವೆ. ಅಂಥದೊಂದು ಕಡೆ, ಶೀಟಿನ ಮನೆಯಲ್ಲಿರುವ ಅಜ್ಜಿಯೊಬ್ಬರು ಕೋಳಿ ಸಾಕುತ್ತಾರೆ. ಮಾಗಡಿ ಸೀಮೆಯಿಂದ ಮದುವೆಯಾಗಿ ಬಂದವರು. ನಾನು ಓದಿ ತಿಳಿದದ್ದನ್ನು ಅವರ ಮುಂದೆ ಇಟ್ಟು, ಅವರು ಹೇಳಿದ್ದನ್ನು ಮತ್ತೆ ಪುಸ್ತಕದ ಜೊತೆ ಇಟ್ಟು ನೋಡಿದ್ದೇನೆ.

ಹೋದ ವರ್ಷದ ಸುಗ್ಗಿ ಹೊತ್ತಿಗೆ ಅವರ ಹಿಂಡಿನಲ್ಲಿ ತಲೆ ಎಣಿಸಿದರೆ 16 ಇದ್ದವು. ಅಜ್ಜಿಯನ್ನು ಕೇಳಿದರೆ, 'ನಾಕು ಯಾಟೆ ಕಣಪ್ಪ' ಅನ್ನುತ್ತಿದ್ದರು. ಹುಂಜ ಒಂದು. ನಾಲ್ಕು ಹೇಂಟೆಗಳಲ್ಲಿ ಒಂದು ಮಂಕರಿಯಲ್ಲಿ ಕಾವಿಗೆ ಕೂತಿತ್ತು, ಒಂದು ಎಂಟು ಮರಿ ಮೇಯಿಸುತ್ತಿತ್ತು, ಎರಡು ಮೊಟ್ಟೆ ಇಡುತ್ತಿದ್ದವು. ಉಳಿದ ಮೂರು ಪಡ್ಡೆಗಳು, ಅಂದರೆ ತಾಯಿ ಬಿಟ್ಟು ಇನ್ನೂ ಮೊಟ್ಟೆಗೆ ಬಾರದವು. ಹೀಗೆ 16. ಆದರೆ ಅಜ್ಜಿಯ ಲೆಕ್ಕದಲ್ಲಿ ಹಿಂಡು ಅಂದರೆ ಹೇಂಟೆ ಮಾತ್ರ. ಮರಿಗಳನ್ನು ಯಾಕೆ ಬಿಟ್ಟಿರಿ ಅಂದರೆ, 'ಎರಡು ತಿಂಗಳು ದಾಟೋಗಂಟ ಅವು ನಮ್ಮವಲ್ಲ, ಹದ್ದಿಂದು' ಅನ್ನುವ ಉತ್ತರ. ಜಾನುವಾರು ಗಣತಿಯವರು ಬಂದರೆ 16 ಅಂತ ಬರೆದುಕೊಂಡು ಹೋಗುತ್ತಾರೆ. ಮರು ತಿಂಗಳು ಅದು 9 ಆಗಿರಬಹುದು, 22 ಆಗಿರಬಹುದು. ಎರಡೂ ಸಲ ಹೇಂಟೆ ನಾಲ್ಕೇ.

ಇದು ಹೇಗೆ ನಡೆಯುತ್ತದೆ ನೋಡೋಣ. ನಾಟಿ ಹೇಂಟೆ ಒಂದು ಸರದಿಗೆ 10ರಿಂದ 15 ಮೊಟ್ಟೆ ಇಡುತ್ತದೆ. ದಿನಾ ಇಡುವುದಿಲ್ಲ, ಹಾಗಾಗಿ ಸರದಿ ಮುಗಿಯಲು ಮೂರು ವಾರದ ಹತ್ತಿರ ಬೇಕು. ಆಮೇಲೆ 21 ದಿನ ಕಾವು. ಆಮೇಲೆ ಎರಡು ಮೂರು ತಿಂಗಳು ಮರಿಗಳ ಜೊತೆ. ಆ ದಿನಗಳಲ್ಲಿ ಮೊಟ್ಟೆ ಇಲ್ಲ. ಅಂದರೆ ಒಂದು ಸುತ್ತಿಗೆ ನಾಲ್ಕು ತಿಂಗಳು; ವರ್ಷಕ್ಕೆ ಎರಡು, ಬಹಳ ಅಂದರೆ ಮೂರು ಸುತ್ತು. 12 ಮೊಟ್ಟೆಯಲ್ಲಿ ಎರಡು ಮೂರನ್ನು ತಿನ್ನಲಿಕ್ಕೋ ಮಾರಲಿಕ್ಕೋ ಎತ್ತಿಟ್ಟು ಒಂಬತ್ತನ್ನು ಕಾವಿಗೆ ಕೂರಿಸಿದರೆ ಏಳು ಮರಿ ಬರುತ್ತವೆ. ಎರಡು ತಿಂಗಳಾಗುವ ಹೊತ್ತಿಗೆ ಮೂರೋ ನಾಲ್ಕೋ ಉಳಿಯುತ್ತವೆ. ಹದ್ದು, ಕಾಗೆ, ಬೆಕ್ಕು, ಮುಂಗುಸಿ, ನಾಯಿ, ಮಳೆಯ ಶೀತ, ಊರಿನಲ್ಲಾದರೆ ಹಾವು, ನಗರದಲ್ಲಾದರೆ ಬೈಕು. ಉಳಿದ ನಾಲ್ಕರಲ್ಲಿ ಎರಡು ಹುಂಜ, ಎರಡು ಹೇಂಟೆ ಅಂತ ಇಟ್ಟುಕೊಳ್ಳಿ.

ಸಾಯುವ ಮರಿ ಬಿಟ್ಟರೂ ನಾಲ್ಕು ಹೇಂಟೆಯಿಂದ ವರ್ಷಕ್ಕೆ 25-30 ಕೋಳಿ ಬೆಳೆಯಬೇಕು. ಹಾಗಾದರೆ ಹಿಂಡು ದೊಡ್ಡದಾಗದೆ ಹತ್ತು ಹದಿನೈದರ ಸುತ್ತಲೇ ಯಾಕೆ ನಿಲ್ಲುತ್ತದೆ? ಅಧಿಕಾರಿಗಳ ಭಾಷಣಗಳಲ್ಲಿ ಇದಕ್ಕೆ ಸಿದ್ಧ ಉತ್ತರ ಒಂದಿದೆ: ಸಾಕುವವರ ಅಜ್ಞಾನ, 'ವೈಜ್ಞಾನಿಕ ಪದ್ಧತಿ'ಯ ಕೊರತೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಹಿಂಡನ್ನು ಆ ಅಳತೆಯಲ್ಲಿ ನಿಲ್ಲಿಸುವ ಕಾರಣಗಳು ಬಹಳ ಸ್ಪಷ್ಟವಾಗಿವೆ, ಅವುಗಳಲ್ಲಿ ಎಲ್ಲವೂ ಕೋಳಿಗೆ ಸಂಬಂಧಪಟ್ಟವಲ್ಲ.

ಮೊದಲನೆಯದು ಮೇವು. ಹಿತ್ತಲ ಕೋಳಿಗೆ ಯಾರೂ ಮೇವು ಕೊಂಡು ಹಾಕುವುದಿಲ್ಲ, ಅದು ಕೆದಕಿ ಹೆಕ್ಕುತ್ತದೆ. 1990ರ ದಶಕದ ಮೊದಲಲ್ಲಿ ಶ್ರೀಲಂಕಾದ ಸಂಶೋಧಕರು ಮೇದು ಬಂದ ಹಳ್ಳಿ ಕೋಳಿಗಳ ಕೊರಳ ಚೀಲ ಬಿಚ್ಚಿ ಏನೇನಿದೆ ಅಂತ ತೂಗಿ ನೋಡಿದರು. ಹೆಚ್ಚಿನ ಪಾಲು ಅಡುಗೆಮನೆಯ ಉಳಿಕೆ, ಜೊತೆಗೆ ಹುಲ್ಲು, ಹುಳ, ಕಾಳು. ಅಂದರೆ ಹಿಂಡಿನ ಗಾತ್ರವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಮನೆಯ ತಟ್ಟೆ. ಮುದ್ದೆ ತಳದಲ್ಲಿ ಏನೂ ಉಳಿಯದ ಮನೆಯಲ್ಲಿ ಹದಿನೈದು ಕೋಳಿ ಬದುಕುವುದಿಲ್ಲ. ಸುಗ್ಗಿಯಲ್ಲಿ ಕಣದ ಸುತ್ತ ರಾಗಿ ಉದುರಿದಾಗ ಹಿಂಡು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಆದರೆ ಕಣ ಯಾರದು? ಹೊಲ ಇಲ್ಲದ ಕೇರಿಯವರ ಕೋಳಿ ಬೇರೆಯವರ ಕಣಕ್ಕೇ ಹೋಗಬೇಕು. 'ನಿಮ್ಮ ಕೋಳಿ ನಮ್ಮ ರಾಗಿ ಮೇದ್ವು' ಅಂತ ಶುರುವಾದ ಜಗಳ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಮಾಗಡಿ ಕಡೆ ತನ್ನ ತವರಿನಲ್ಲಿ ಐದು ಹೇಂಟೆಗೆ ಮೇಲೆ ಇಟ್ಟುಕೊಳ್ಳುತ್ತಿರಲಿಲ್ಲ ಎಂದು ಅಜ್ಜಿ ಹೇಳಿದರು. ಯಾಕೆಂದರೆ ಐದರವರೆಗೆ ಕೇರಿಯ ತಿಪ್ಪೆಯಲ್ಲೇ ಮೇಯುತ್ತವೆ, ಅದಕ್ಕಿಂತ ಹೆಚ್ಚಾದರೆ ಬೇಲಿ ದಾಟುತ್ತವೆ. ಜಾತಿಯ ಭೂಗೋಳ ಕೋಳಿಯ ಸಂಖ್ಯೆಯನ್ನು ಹೀಗೆ ಗೊತ್ತುಮಾಡುತ್ತದೆ.

ಎರಡನೆಯದು ರೋಗ. ನಾವು ಕೊಕ್ಕರೆ ರೋಗ ಅನ್ನುವುದನ್ನು ಪಶುವೈದ್ಯರು ರಾಣಿಖೇತ್ ಅನ್ನುತ್ತಾರೆ. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲೂ ಕಂಡ ಇದೇ ಪಿಡುಗನ್ನು ಮರುವರ್ಷ ಹಿಮಾಲಯದ ರಾಣಿಖೇತಿನಲ್ಲಿ ಗುರುತಿಸಿದರು. ಅಲ್ಲಿಂದ ಆ ಹೆಸರು. ಕತ್ತು ತಿರುಚಿಕೊಳ್ಳುತ್ತದೆ, ಹಸಿರು ಬೇಧಿಯಾಗುತ್ತದೆ, ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತದೆ. ಲಸಿಕೆ ಇಲ್ಲದ ಹಿಂಡಿಗೆ ಬಂದರೆ ವಾರದೊಳಗೆ ಮಂಕರಿ ಖಾಲಿ. ಲಸಿಕೆ ಇದೆ, ದುಬಾರಿಯೂ ಅಲ್ಲ, ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲೇ ಕೋಳಿ ಲಸಿಕೆ ತಯಾರಾಗುತ್ತದೆ. ತೊಡಕು ಇರುವುದು ಸೀಸೆಯಲ್ಲಿ. ಒಂದು ಸೀಸೆ ನೂರೋ ಇನ್ನೂರೋ ಕೋಳಿಗೆ ಆಗುವಂಥದ್ದು, ತಣ್ಣಗೆ ಇಟ್ಟುಕೊಂಡೇ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಕೋಳಿ ಇರುವ ಹೆಂಗಸು ಏನು ಮಾಡಬೇಕು? ಈ ಸೀಸೆಯನ್ನು ರೂಪಿಸಿದವರ ಕಣ್ಣ ಮುಂದೆ ಇದ್ದದ್ದು ಸಾವಿರ ಕೋಳಿಯ ಶೆಡ್ಡು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಶಾಖ ತಾಳುವ ಲಸಿಕೆಯನ್ನು ಹಳ್ಳಿ ಕೋಳಿಗೆಂದೇ ಬೆಳೆಸಿದರು. ಕಣ್ಣಿಗೆ ಒಂದು ಹನಿ ಬಿಟ್ಟರಾಯಿತು. ಆಫ್ರಿಕಾದ ಹಳ್ಳಿಗಳಲ್ಲಿ ಅದು ಬಳಕೆಗೆ ಬಂತು. ನಮ್ಮ ಕೇರಿಗಳಲ್ಲಿ ಕಾರ್ಯಕರ್ತ ಗೆಳೆಯರು ಮಾಡಬಹುದಾದ ಕೆಲಸ ಒಂದಿದೆ: ಇಪ್ಪತ್ತು ಮನೆಯವರು ಒಂದೇ ಸಂಜೆ ಕೋಳಿ ಗೂಡಿಗೆ ಸೇರಿದ ಮೇಲೆ ಒಂದು ಸೀಸೆ ಒಡೆಸುವುದು. ಭಾಷಣಕ್ಕಿಂತ ಅಗ್ಗ.

ಮೂರನೆಯದು, ಹಿಂಡು ಸದಾ ಖರ್ಚಾಗುತ್ತಿರುತ್ತದೆ. ಮಗುವಿನ ಜ್ವರಕ್ಕೆ ಒಂದು, ಶಾಲೆಯ ಫೀಸಿಗೆ ಎರಡು, ನೆಂಟರು ಬಂದರೆ ಒಂದು, ಮಾರಿಹಬ್ಬಕ್ಕೆ ಒಂದು, ಹೊಸತೊಡಕಿಗೆ ಒಂದು, ಮಾರ್ಲಾಮಿ ಎಡೆಗೆ ಒಂದು. ಬ್ಯಾಂಕಿಗೆ ಹೋಗಲು ಕಾಗದ ಬೇಕು, ಜಾಮೀನು ಬೇಕು, ಗಂಡನ ಸಹಿ ಬೇಕು. ಕೋಳಿ ಮಾರಲು ಏನೂ ಬೇಡ. ಹಸು, ಹೊಲ, ಮನೆ ಗಂಡಸಿನ ಹೆಸರಿನಲ್ಲಿ ಇರುವ ಸಮಾಜದಲ್ಲಿ ಕೋಳಿ ಹೆಚ್ಚುಕಡಿಮೆ ಹೆಂಗಸಿನದು. ಮಾರಿದ ದುಡ್ಡು ಸೆರಗಿನ ಗಂಟಿಗೆ ಹೋಗುತ್ತದೆ. ಹಾಗಾಗಿ ಗಾತ್ರ ಚಿಕ್ಕದು ಅಂತ ಮರುಗುವವರು ಒಂದು ಮಾತು ಮರೆಯುತ್ತಾರೆ. ನಮಗೆ ಕಾಣುವ ಹದಿನೈದು ಕೋಳಿ ವರ್ಷವಿಡೀ ಬಂದದ್ದು, ಹೋದದ್ದು ಕಳೆದು ಉಳಿದ ಬಾಕಿ ಮಾತ್ರ.

ಇನ್ನು ಹುಂಜದ ವಿಷಯ. ಹತ್ತು ಹೇಂಟೆಗೆ ಒಂದು ಹುಂಜ ಸಾಕು. ನಾಲ್ಕು ಹೇಂಟೆಗೆ ಒಂದು ಅನ್ನುವುದು ಲೆಕ್ಕದ ಪ್ರಕಾರ ದುಂದು. ಹುಟ್ಟುವ ಮರಿಗಳಲ್ಲಿ ಅರ್ಧ ಹುಂಜಗಳೇ ಆದ್ದರಿಂದ ಅವು ಐದಾರು ತಿಂಗಳಿಗೆ ಕೂಗಲು, ಕಾದಾಡಲು ಶುರು ಮಾಡುತ್ತಿದ್ದಂತೆ ಒಂದೊಂದಾಗಿ ಹಿಂಡು ಬಿಡುತ್ತವೆ. ಮಾರಾಟ, ಹಬ್ಬ, ಸಾರು. ಉಳಿಸಿಕೊಳ್ಳುವುದು ಒಂದನ್ನು. ಆರಿಸಿ ಉಳಿಸಿಕೊಳ್ಳುತ್ತಾರೆ: ಎತ್ತರ, ಬಣ್ಣ, ಜುಟ್ಟು, ಕಾಲಿನ ಮುಳ್ಳು, ಎಲ್ಲಕ್ಕಿಂತ ಹೆಚ್ಚಾಗಿ ಗುಣ. ಹದ್ದಿನ ನೆರಳು ಕಂಡರೆ ಒಳ್ಳೇ ಹುಂಜ ಒಂದು ಥರಾ ಕೂಗುತ್ತದೆ, ಕಾಳು ಕಂಡರೆ ಇನ್ನೊಂದು ಥರಾ ಕರೆದು ಹೇಂಟೆಗಳನ್ನು ಮೊದಲು ಬಿಡುತ್ತದೆ. ಮೊಟ್ಟೆ ಫಲಿಸಲು ಹುಂಜ ಬೇಕು ನಿಜ. ಆದರೆ ಹೇಂಟೆ ಒಮ್ಮೆ ಕೂಡಿದ ಬೀಜವನ್ನು ಹೆಚ್ಚುಕಡಿಮೆ ಎರಡು ವಾರ ಒಡಲಲ್ಲಿ ಇಟ್ಟುಕೊಳ್ಳಬಲ್ಲದು, ಕೇರಿಯಲ್ಲಿ ಪಕ್ಕದ ಮನೆ ಹುಂಜವೂ ಓಡಾಡುತ್ತಿರುತ್ತದೆ. ಹಾಗಾಗಿ ಒಂದು ಮನೆಯ ಹುಂಜ ಕಾಣೆಯಾದರೆ ಮರಿಯೇನೂ ನಿಂತುಹೋಗುವುದಿಲ್ಲ.

ಹಾಗಾದರೆ ಸಾಕವ್ವನಂಥವರು ಕಳೆದುಕೊಂಡದ್ದು ಏನನ್ನು? ಈ ಲೆಕ್ಕದ ಪ್ರಕಾರ, ನಾಲ್ಕು ಸುತ್ತಿನ ಮೊಟ್ಟೆ, ಕಾವು, ಹದ್ದು, ರೋಗ ಎಲ್ಲ ದಾಟಿ ಬಂದ ಹತ್ತಿಪ್ಪತ್ತು ಹುಂಜಗಳಲ್ಲಿ ಮಾರದೆ, ಕೊಯ್ಯದೆ, ಎಷ್ಟೋ ಕಷ್ಟ ಬಂದರೂ 'ಇದೊಂದು ಇರಲಿ' ಅಂತ ಉಳಿಸಿಕೊಂಡ ಒಂದನ್ನು. ಹೇಂಟೆ ಬಂಡವಾಳ, ಮರಿ ಅನುಮಾನ, ಪಡ್ಡೆ ಕೈಖರ್ಚು. ಹುಂಜ ಮಾತ್ರ ಇಡುಗಂಟು. ಅದೂ ಎಷ್ಟೋ ಸಲ ಹರಕೆಗೆ ಬಿಟ್ಟದ್ದಾಗಿರುತ್ತದೆ, ಅಂದರೆ ಮನೆಯವರೂ ಮುಟ್ಟುವಂತಿಲ್ಲ. ಇದನ್ನು ತಿಳಿದ ಮೇಲೆ ಪ್ರತಿಮೆ, ಸಂಕೇತ ಅಂತ ಬೇಕಾದರೆ ಮಾತಾಡೋಣ. ಇಡುಗಂಟು ಕಳೆದುಕೊಂಡವಳನ್ನು ಹುಡುಕಾಟದ ರೂಪಕವಾಗಿ ಮಾತ್ರ ಕಾಣುವ ಓದು ನನಗೆ ಹಸಿವಿಲ್ಲದವರ ಓದಾಗಿ ಕಾಣುತ್ತದೆ.

ಹಿಂಡಿನ ರಚನೆಯಲ್ಲಿ ಇನ್ನೊಂದು ಮಾತು: ಇರುವುದೆಲ್ಲ ಮನೆಯವರದೇ ಆಗಿರಬೇಕಿಲ್ಲ. ಕೋಳಿ ಇಲ್ಲದವರಿಗೆ ಇದ್ದವರು ಹೇಂಟೆಯೊಂದನ್ನು ಪಾಲಿಗೆ ಕೊಡುವುದು ಹಳೇ ರೂಢಿ. ಬಂದ ಮರಿಯಲ್ಲಿ ಅರ್ಧರ್ಧ. ಅಜ್ಜಿಯ ನಾಲ್ಕರಲ್ಲಿ ಒಂದು ಎದುರು ವಠಾರದ ಗಾರ್ಮೆಂಟ್ಸ್ ಹೆಂಗಸಿನದು. ಆಕೆಗೆ ಹಗಲು ಪುರುಸೊತ್ತಿಲ್ಲ, ಸಾಕಲು ಜಾಗವೂ ಇಲ್ಲ. ಯಾರ ಕೋಳಿ ಯಾವುದು ಅಂತ ಹೇಳಲು ಬಣ್ಣ ನೆರವಾಗುತ್ತದೆ. ಶೆಡ್ಡಿನ ಕೋಳಿಯೆಲ್ಲ ಒಂದೇ ಬಿಳಿ. ಹಿತ್ತಲ ಹಿಂಡಿನಲ್ಲಿ ಕೆಂಚು, ಕರಿ, ಬೂದು, ಚುಕ್ಕಿ, ಬೋಳು ಕುತ್ತಿಗೆಯದು, ಪುಕ್ಕ ತಿರುಚಿದ್ದು ಎಲ್ಲ ಒಟ್ಟಿಗೆ. ಬೋಳು ಕುತ್ತಿಗೆ ಸೆಕೆಯಲ್ಲಿ ಒಳ್ಳೇದು ಅಂತ ತಜ್ಞರೂ ಹೇಳುತ್ತಾರೆ. ಸಾಕುಕೋಳಿ ಕೆಂಪು ಕಾಡುಕೋಳಿಯಿಂದ ಬಂದದ್ದು ಎಂಬುದು ಡಾರ್ವಿನ್ನನ ಕಾಲದ ಮಾತು. ಆದರೆ ಅದರ ಹಳದಿ ಕಾಲು, ಹಳದಿ ಚರ್ಮದ ಗುಣ ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಸೇರಿದ್ದು ಎಂದು 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳ ಸಂಶೋಧನೆ ತೋರಿಸಿತು. ನಮ್ಮ ಪಶ್ಚಿಮ ಘಟ್ಟದಲ್ಲಿ ಕೂಗುವ ಅದೇ ಕೋಳಿ. ಶುದ್ಧ ತಳಿಯ ಹುಡುಕಾಟ ಕೋಳಿಯಲ್ಲೂ ಹೆಚ್ಚು ದೂರ ಹೋಗುವುದಿಲ್ಲ.

ಶುದ್ಧಿಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಮನುಸ್ಮೃತಿಯ ಐದನೇ ಅಧ್ಯಾಯ ದ್ವಿಜರು ತಿನ್ನಬಾರದ್ದನ್ನು ಪಟ್ಟಿ ಮಾಡುವಾಗ ಅಣಬೆ, ಬೆಳ್ಳುಳ್ಳಿ, ಈರುಳ್ಳಿ, ಊರಹಂದಿಗಳ ಜೊತೆ 'ಗ್ರಾಮಕುಕ್ಕುಟ'ವನ್ನು ಸೇರಿಸುತ್ತದೆ. ಬರೀ ಕೋಳಿ ಅನ್ನದೆ ಗ್ರಾಮದ ಕೋಳಿ ಅಂದದ್ದು ಯಾಕೆ? ತಿಪ್ಪೆ ಕೆದಕುವುದಕ್ಕೆ ಅಂತ ನನ್ನ ಊಹೆ. ಉಳಿಕೆಯನ್ನು ತಿಂದು ಆಹಾರವಾಗಿ ತಿರುಗಿಸುವ ಜೀವ ಹೀನ. ಉಳಿಕೆ ಮಾಡಿದವನು ಶುದ್ಧ. ಈ ತರ್ಕ ನಮಗೆ ಹೊಸದಲ್ಲ. 1959ರಿಂದ ನಮ್ಮ ರಾಜ್ಯದಲ್ಲಿ ದೇವಸ್ಥಾನದ ಆವರಣದಲ್ಲಿ ಬಲಿ ಕೊಡುವುದನ್ನು ತಡೆಯುವ ಕಾಯ್ದೆ ಇದೆ. ಬಲಿಯ ಪರ ನಾನಿಲ್ಲ. ಆದರೆ ಬಲಿ ಅನಿಷ್ಟ ಅನ್ನುವ ಬಾಯಲ್ಲೇ ಆ ಕೋಳಿಯನ್ನು ಸಾಕಿದವರ ಊಟವೂ ಅನಿಷ್ಟ ಅನ್ನುವುದನ್ನು ಕೇಳಿದ್ದೇನೆ. ಎರಡೂ ಒಂದೇ ಅಲ್ಲ.

ಸರ್ಕಾರ ಏನೂ ಮಾಡಿಲ್ಲ ಅನ್ನುವಂತಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ 'ಗಿರಿರಾಜ' 1989ರಲ್ಲಿ ಹೊರಬಂತು. ಬಣ್ಣದ ಗರಿ, ಬೇಗ ತೂಕ, ವರ್ಷಕ್ಕೆ 130-150 ಮೊಟ್ಟೆ. ನಾಟಿ ಹೇಂಟೆಯದು ಅದರ ಅರ್ಧವೂ ಇಲ್ಲ. ಆದರೆ ಗಿರಿರಾಜ ಕಾವಿಗೆ ಕೂರುವುದಿಲ್ಲ. ಮೊಟ್ಟೆ ಹೆಚ್ಚಲಿ ಎಂದು ಆ ಗುಣವನ್ನೇ ಕಳೆದಿದ್ದಾರೆ. ಕೇಂದ್ರದ ಗ್ರಾಮೀಣ ಹಿತ್ತಲ ಕೋಳಿ ಯೋಜನೆಯಲ್ಲಿ ಬಡ ಕುಟುಂಬಕ್ಕೆ ನಾಲ್ಕು ವಾರದ 45 ಮರಿಗಳನ್ನು 20, 15, 10ರ ಕಂತುಗಳಲ್ಲಿ ಕೊಡುವ ಲೆಕ್ಕವಿತ್ತು. 45 ಅಂದರೆ ದೊಡ್ಡ ಹಿಂಡು ನಿಜ. ಆದರೆ ಕಂತಿನ ಮರಿಗಳೆಲ್ಲ ಒಂದೇ ವಯಸ್ಸಿನವು, ಒಟ್ಟಿಗೆ ಮೇವು ಕೇಳುತ್ತವೆ, ಒಟ್ಟಿಗೆ ಮಾರಾಟಕ್ಕೆ ಬರುತ್ತವೆ, ಒಟ್ಟಿಗೆ ಮುಗಿಯುತ್ತವೆ. ಹಳೇ ಹಿಂಡಿನಲ್ಲಿ ಇರುವ ಅಜ್ಜಿ, ತಾಯಿ, ಪಡ್ಡೆ, ಪಿಳ್ಳೆಗಳ ಸಾಲು ಅಲ್ಲಿ ಇಲ್ಲ. ಮುಗಿದ ಮೇಲೆ ಮತ್ತೆ ಇಲಾಖೆಯ ಬಾಗಿಲು. ಇದಕ್ಕೆ ಪರಿಹಾರವನ್ನು ಹೆಂಗಸರೇ ಕಂಡುಕೊಂಡಿದ್ದಾರೆ: ಗಿರಿರಾಜದ ಮೊಟ್ಟೆಯನ್ನು ನಾಟಿ ಯಾಟೆಯ ಅಡಿ ಇಡುತ್ತಾರೆ. ಮರಿ ಅಪ್ಪನ ಹಾಗೆ ಪೂರ್ತಿ ಬರುವುದಿಲ್ಲ, ಆದರೆ ಬರುತ್ತದೆ.

2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಒಟ್ಟು 85 ಕೋಟಿ 18 ಲಕ್ಷ ಕೋಳಿ ಇತ್ಯಾದಿ ಸಾಕುಹಕ್ಕಿಗಳು. ಅದರಲ್ಲಿ ಹಿತ್ತಲಿನವು 31 ಕೋಟಿ 70 ಲಕ್ಷ. 2012ರ ಗಣತಿಗಿಂತ ಶೇಕಡಾ 45.8 ಹೆಚ್ಚು. ಅದೇ ಅವಧಿಯಲ್ಲಿ ಶೆಡ್ಡಿನವು ಹೆಚ್ಚಿದ್ದು ಶೇಕಡಾ 4.5 ಮಾತ್ರ. ಹಿತ್ತಲ ಕೋಳಿ ಮುಗಿದ ಕತೆ ಅನ್ನುವವರು ಇದನ್ನು ನೋಡಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು ಹಕ್ಕಿಜ್ವರದ ಕಾಲದಲ್ಲಿ, 2004ರಲ್ಲಿ, ಕೋಳಿ ಸಾಕಣೆಯನ್ನು ನಾಲ್ಕು ವಲಯವಾಗಿ ವಿಂಗಡಿಸಿತು. ಕಂಪನಿ ಶೆಡ್ಡು ಮೊದಲನೆಯದು, ಹಿತ್ತಲು ನಾಲ್ಕನೆಯದು. ರೋಗ ತಡೆಯ ಬಿಗಿ ಎಷ್ಟು ಎಂಬ ಆಧಾರದ ಮೇಲೆ ಮಾಡಿದ್ದು ಅಂತ ಗೊತ್ತಿದ್ದರೂ ನಾಲ್ಕು ಎಂಬ ಸಂಖ್ಯೆ ಕಂಡಾಗ ನನಗೆ ನಗು ಬಂತು. ಹಕ್ಕಿಜ್ವರ ಬಂದದ್ದು ಶೆಡ್ಡಿಗಾಗಲಿ ಹಿತ್ತಲಿಗಾಗಲಿ, ಸುತ್ತಳತೆ ಹಾಕಿ ಕೊಲ್ಲುವಾಗ ಸುತ್ತಲಿನ ಹಿತ್ತಲ ಕೋಳಿಯೂ ಸೇರುತ್ತದೆ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಂಸ್ಥೆಯಲ್ಲೇ ಹಕ್ಕಿಜ್ವರ ಕಾಣಿಸಿತ್ತು. ಬೇಲಿ, ಬೀಗ, ಡಾಕ್ಟರು ಎಲ್ಲ ಇದ್ದ ಜಾಗ ಅದು.

ಮೂಡಲಪಾಳ್ಯಕ್ಕೆ ಬಂದರೆ, ಇಲ್ಲಿ ಹಿಂಡಿನ ರಚನೆ ಬದಲಾಗುವ ರೀತಿಯೇ ಬೇರೆ. ಮೇವು ಸಾಕಷ್ಟಿದೆ, ಹೋಟೆಲಿನ ಅನ್ನ, ತರಕಾರಿ ಅಂಗಡಿಯ ಸಿಪ್ಪೆ. ಇಲ್ಲದಿರುವುದು ನೆಲ ಮತ್ತು ನೆರೆಯವರ ಸೈರಣೆ. ಹಳ್ಳಿಯಲ್ಲಿ ಎಲ್ಲಕ್ಕಿಂತ ಕೊನೆಗೆ ಕೈಬಿಡುವ ಹುಂಜವನ್ನು ನಗರದಲ್ಲಿ ಮೊದಲು ಕೈಬಿಡಬೇಕಾಗುತ್ತದೆ. ಅಜ್ಜಿಯ ಹಿಂದುಗಡೆ ಹೊಸದಾಗಿ ಎದ್ದ ಬಿಲ್ಡಿಂಗಿನವರು ಬೆಳಗಿನ ಜಾವದ ಕೂಗಿಗೆ ತಕರಾರು ಮಾಡಿದರು. ಎರಡು ಸಲ ಹೇಳಿದರು, ಮೂರನೇ ಸಲ ಕಂಪ್ಲೇಂಟ್ ಕೊಡುತ್ತೇವೆ ಅಂದರು. ಅದೇ ಬೀದಿಯ ತುದಿಯಲ್ಲಿ 'ಅಪ್ಪಟ ನಾಟಿಕೋಳಿ ಸಾರು' ಅಂತ ಬೋರ್ಡು ಹಾಕಿದ ಹೋಟೆಲು ಭಾನುವಾರ ತುಂಬಿರುತ್ತದೆ. ಹುಂಜವನ್ನು ಅಜ್ಜಿ ಆ ಹೋಟೆಲಿಗೆ ಕೊಡಲಿಲ್ಲ. ಬಸ್ಸಿನಲ್ಲಿ ಚೀಲದೊಳಗೆ ಇಟ್ಟುಕೊಂಡು ಮಾಗಡಿ ಕಡೆ ತಮ್ಮನ ಮನೆಗೆ ಬಿಟ್ಟು ಬಂದರು.

ಹತ್ತಿರದಲ್ಲಿ ಬೇರೆ ಮನೆಯ ಹುಂಜ ಇಲ್ಲ. ಎರಡು ವಾರ ಕಳೆದ ಮೇಲೆ ಇಟ್ಟ ಮೊಟ್ಟೆಗಳು ತಿನ್ನಲಿಕ್ಕಷ್ಟೆ. ಆದರೂ ಯಾಟೆ ಕಾವಿಗೆ ಕೂರುತ್ತದೆ, ಅದಕ್ಕೇನು ಗೊತ್ತು. ಈಗ ಅಜ್ಜಿ ಯಾವುದಾದರೂ ಯಾಟೆ ಮಂಕರಿ ಹಿಡಿದ ಕೂಡಲೆ ಊರಿಗೆ ಹೋಗಿ, ಡಬ್ಬದಲ್ಲಿ ಹೊಟ್ಟು ತುಂಬಿ, ಅದರೊಳಗೆ ಫಲದ ಮೊಟ್ಟೆ ಹುದುಗಿಸಿ ತರುತ್ತಾರೆ. ಮಾಗಡಿ ರಸ್ತೆಯ ಗುಂಡಿಗಳಲ್ಲಿ ಕೆಲವು ಕಲಕಿಹೋಗುತ್ತವೆ. ಮೊನ್ನೆ ತಂದ ಒಂಬತ್ತರಲ್ಲಿ ಐದು ಒಡೆದು ಮರಿಯಾದವು. ಅದರಲ್ಲಿ ಎರಡು ಹುಂಜ ಇರಬಹುದು ಅಂತ ಅಜ್ಜಿಯ ಅನುಮಾನ. ಕೂಗುವ ವಯಸ್ಸಿಗೆ ಬರುವ ಮೊದಲೇ ಅವನ್ನೂ ಬಸ್ಸು ಹತ್ತಿಸಬೇಕು.